ಗುರುತು ಸಿಗದ ಬೆಳಕಿಗೂ ಒಂದು ಕಡತವಿರಲಿ: ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ

ಕೇಂದ್ರ ರಕ್ಷಣಾ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ಮಾನ್ಯರೇ,

2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಗುರುತಿಸಲಾಗದ ವಸ್ತುವೊಂದು ಕಂಡಿದ್ದರಿಂದ ವಿಮಾನ ಸಂಚಾರವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ನಿಲ್ದಾಣದಿಂದ ಬಂದ ಮಾಹಿತಿಯ ಮೇರೆಗೆ ವಾಯು ರಕ್ಷಣಾ ವ್ಯವಸ್ಥೆಯನ್ನು ಸಜ್ಜುಗೊಳಿಸಿದ್ದಾಗಿಯೂ, ಆ ಸಣ್ಣ ವಸ್ತು ಮತ್ತೆ ಕಾಣಲಿಲ್ಲವೆಂದೂ ವಾಯುಪಡೆ ತಿಳಿಸಿತು. ರಫೇಲ್ ವಿಮಾನಗಳು ಅದನ್ನು ಹುಡುಕಿ ಬಂದವೆಂದು ಪತ್ರಿಕೆಗಳು ಬರೆದವು. ಸಾರ್ವಜನಿಕರ ಮಟ್ಟಿಗೆ ವಿಷಯ ಅಲ್ಲಿಗೇ ನಿಂತಿತು. ಇಂಥ ಘಟನೆಗಳ ದಾಖಲೆ ಮುಂದೆ ಏನಾಗಬೇಕು ಎಂಬ ಬಗ್ಗೆ ಈ ಪತ್ರ.

ಮೆಕ್ಸಿಕೋದ ಒಂದು ಪ್ರಸಂಗ ಇಲ್ಲಿ ಪಾಠವಾಗಬಲ್ಲದು. 2004ರ ಮಾರ್ಚ್ 5ರಂದು, ಮಾದಕವಸ್ತು ಸಾಗಣೆಯ ಮೇಲೆ ನಿಗಾ ಇಡಲು ಕಾಂಪೇಚೆ ರಾಜ್ಯದ ಮೇಲೆ ಹಾರುತ್ತಿದ್ದ ಅಲ್ಲಿನ ವಾಯುಪಡೆಯ ವಿಮಾನವೊಂದರ, ಶಾಖವನ್ನು ಗ್ರಹಿಸುವ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ 11 ಬೆಳಕಿನ ಬಿಂದುಗಳು ಮೂಡಿದವು. ಬರಿಗಣ್ಣಿಗೆ ಏನೂ ಕಾಣದಿದ್ದರೂ, ಅವು ತಮ್ಮ ಜೊತೆಜೊತೆಗೇ ಸಾಗುತ್ತಿವೆ ಎಂದು ಸಿಬ್ಬಂದಿಗೆ ಅನಿಸಿತು. ಮೇ ತಿಂಗಳಲ್ಲಿ ರಕ್ಷಣಾ ಸಚಿವಾಲಯವು ದೃಶ್ಯವನ್ನು ಹೊರಗೆಡವಿದಾಗ ಜಗತ್ತಿನಾದ್ಯಂತ ಗುಲ್ಲೆದ್ದಿತು. ಆದರೆ ವಿಮಾನವಿದ್ದ ಜಾಗವೂ ಕ್ಯಾಮೆರಾ ತಿರುಗಿದ್ದ ದಿಕ್ಕೂ ಆ ದೃಶ್ಯದ ಮೇಲೆಯೇ ಅಂಕಿಗಳಲ್ಲಿ ನಮೂದಾಗಿದ್ದವು. ಅವನ್ನು ನಕ್ಷೆಯ ಮೇಲೆ ಗೆರೆ ಎಳೆದು ನೋಡಿದ ಪರಿಶೀಲಕರಿಗೆ ಆ ಗೆರೆಗಳ ತುದಿಯಲ್ಲಿ ಸಿಕ್ಕಿದ್ದು ಕಾಂಟರೆಲ್ ಸಮುದ್ರ ತೈಲಕ್ಷೇತ್ರ. ಅಲ್ಲಿನ ಬಾವಿಗಳಲ್ಲಿ ಹೊತ್ತಿ ಉರಿಯುವ ಅನಿಲದ ಜ್ವಾಲೆಗಳೇ ಆ ಬಿಂದುಗಳೆಂಬ ವಿವರಣೆ ಇಂದಿಗೂ ಅತ್ಯಂತ ಸಮರ್ಪಕವಾಗಿ ಹೊಂದುತ್ತದೆ. ನಡುವೆ ಮೋಡಗಳು ಸರಿಯುತ್ತಿದ್ದುದರಿಂದ ನಿಂತ ಬೆಳಕೇ ಓಡಿದಂತೆ ತೋರಿತ್ತು. ಸಿಬ್ಬಂದಿ ಸುಳ್ಳು ಹೇಳಿರಲಿಲ್ಲ, ಉಪಕರಣವೂ ಕೆಟ್ಟಿರಲಿಲ್ಲ. ಅಂಕಿಗಳು ಉಳಿದಿದ್ದರಿಂದ ಮಾತ್ರ ಗಂಟು ಬಿಚ್ಚಿತು.

ನಮ್ಮಲ್ಲಿಯೂ ಲಡಾಖ್ ಗಡಿಯ ಯೋಧರು ವರದಿ ಮಾಡಿದ್ದ ಬೆಳಕುಗಳನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಶುಕ್ರ, ಗುರು ಗ್ರಹಗಳೆಂದು ಗುರುತಿಸಿದ್ದರು. (ಇದರಲ್ಲಿ ಯೋಧರು ನಾಚಬೇಕಾದುದೇನೂ ಇಲ್ಲ, ತಿಳಿಯಾದ ಎತ್ತರದ ಆಕಾಶದಲ್ಲಿ ಶುಕ್ರ ಎಂಥವರನ್ನೂ ಏಮಾರಿಸುತ್ತದೆ.) ಇದಕ್ಕೆ ವ್ಯತಿರಿಕ್ತವಾಗಿ, 2004ರ ನವೆಂಬರ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲ ಮೇಲೆ ರೆಕ್ಕೆಗಳಿಲ್ಲದ ಬಿಳಿಯ ವಸ್ತುವನ್ನು ಕಂಡ ಅಮೆರಿಕ ನೌಕಾಪಡೆಯ ಪೈಲಟ್ ಡೇವಿಡ್ ಫ್ರೇವರ್ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದದ್ದು 2023ರ ಜುಲೈನಲ್ಲಿ. ಅಷ್ಟು ವರ್ಷಗಳ ಬಳಿಕ ನೆನಪನ್ನು ಒರೆಗೆ ಹಚ್ಚಲು ಸಾಧ್ಯವೇ?

ಆದ್ದರಿಂದ ನನ್ನ ವಿನಂತಿ ಇಷ್ಟು. ಮೂರೂ ಪಡೆಗಳಿಗೆ ಒಂದೇ ಮಾದರಿಯ ವರದಿ ನಮೂನೆಯಿರಲಿ. ಅದನ್ನು ತುಂಬಿದ ಕಾರಣಕ್ಕೆ ಯಾವ ಪೈಲಟ್‌ನ ಹಾರಾಟದ ಅರ್ಹತೆಯನ್ನೂ ಸಂದೇಹಿಸದಿರಲಿ. ರೇಡಾರ್ ಮತ್ತು ಕ್ಯಾಮೆರಾಗಳ ಮೂಲ ದತ್ತಾಂಶವನ್ನು ಅಳಿಸಿಹೋಗುವ ಮುನ್ನವೇ ತೆಗೆದಿರಿಸಲಿ. ಭದ್ರತೆಗೆ ಧಕ್ಕೆಯಾಗದ ಭಾಗವನ್ನು ಖಗೋಳ ಮತ್ತು ಹವಾಮಾನ ವಿಜ್ಞಾನಿಗಳಿಗೆ ಒಪ್ಪಿಸಲಿ. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ 1977ರಿಂದಲೇ ಇಂಥ ವರದಿಗಳನ್ನು ಪರಿಶೀಲಿಸುವ ವಿಭಾಗವೊಂದನ್ನು ನಡೆಸುತ್ತಿದೆ, ತನ್ನ ಕಡತಗಳನ್ನೂ ಪ್ರಕಟಿಸುತ್ತಿದೆ. ಅನ್ಯಲೋಕದ ಅತಿಥಿಗಳ ಮಾತು ನನಗೆ ಬೇಕಿಲ್ಲ. ಗಡಿ ದಾಟಿ ಬಂದ ಡ್ರೋನ್ ಯಾವುದು, ಶುಕ್ರಗ್ರಹ ಯಾವುದು ಎಂದು ಬೇರ್ಪಡಿಸುವುದಕ್ಕೂ ಇದೇ ದಾಖಲೆ ಬೇಕು. ಇಂಫಾಲದ ಕಡತದಿಂದಲೇ ಇದನ್ನು ಆರಂಭಿಸಬಹುದೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ