ಇನ್ನು ಮುಂದೆ ಏಂಜಲ್ ಮರಿಗಳ ಜೊತೆ ಅಪ್ಪ-ಅಮ್ಮನ ಚೀಟಿ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಸಂಘದಲ್ಲಿ ಏಂಜಲ್ ಮೀನು ಮಾರುವ ರೀತಿ ಬದಲಾಗುತ್ತದೆ. ಇಷ್ಟು ದಿನ ಕವರ್ ಮೇಲೆ ಬಣ್ಣದ ಹೆಸರು, ಸೈಜ್ ಎರಡೇ ಇರುತ್ತಿತ್ತು. ಇನ್ನು ಮುಂದೆ ಪ್ರತಿ ಕವರ್ ಜೊತೆ ಒಂದು ಚೀಟಿ ಬರುತ್ತದೆ. ಮರಿಯ ಅಪ್ಪ-ಅಮ್ಮ ಯಾವ ಬಣ್ಣದವು, ಯಾವ ಜೀನ್ ಹೊತ್ತಿವೆ, ಯಾವ ಸದಸ್ಯರ ಯಾವ ಟ್ಯಾಂಕಿನ ಜೋಡಿ, ಇಷ್ಟೂ ಅದರಲ್ಲಿ ಇರುತ್ತದೆ. ಅಪ್ಪ-ಅಮ್ಮ ಯಾರೆಂದು ಗೊತ್ತಿಲ್ಲದ ಮಿಕ್ಸ್ ಲಾಟ್ ಮೀನುಗಳನ್ನು ಬರೀ ನೋಡಿ ಖುಷಿಪಡುವವರಿಗೆ ಮಾತ್ರ ಕೊಡುತ್ತೇವೆ. ಬ್ರೀಡಿಂಗ್‌ಗೆ ಅಂತ ಕೊಡುವುದಿಲ್ಲ. ಕಪ್ಪು ಏಂಜಲ್ ಮರಿ ಮಾಡಿಸುವ ಕ್ರಮವನ್ನೂ ಬದಲಾಯಿಸಿದ್ದೇವೆ. ಬೆಲೆಯಲ್ಲೂ ವ್ಯತ್ಯಾಸ ಆಗುತ್ತದೆ.

ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಮೊದಲೆಲ್ಲ ಹಾಲ್‌ನಲ್ಲಿ ಒಂದು ಟ್ಯಾಂಕ್ ಇಟ್ಟುಕೊಂಡವರೇ ನಮ್ಮ ಹತ್ತಿರ ಮೀನು ಕೊಳ್ಳುತ್ತಿದ್ದರು. ಈಗ ಮನೆಯಲ್ಲೇ ಮರಿ ಮಾಡಿಸುವವರು ಜಾಸ್ತಿಯಾಗಿದ್ದಾರೆ. ಅವರು ಕೇಳುವ ಪ್ರಶ್ನೆಗಳೂ ಬೇರೆ. "ಎರಡೂ ಕಪ್ಪು ಮೀನೇ, ಮರಿಗಳಲ್ಲಿ ಹಳದಿ ಎಲ್ಲಿಂದ ಬಂತು?" "ಪ್ಲಾಟಿನಮ್ ಗಂಡು ಹಾಕಿದೆ, ಒಂದು ಬಿಳಿ ಮರಿಯೂ ಹುಟ್ಟಲಿಲ್ಲ, ಯಾಕೆ?" ಇದಕ್ಕೆಲ್ಲ ಉತ್ತರ ಮೀನಿನ ಮೈ ಬಣ್ಣದಲ್ಲಿ ಇರುವುದಿಲ್ಲ. ಅದರ ಅಪ್ಪ-ಅಮ್ಮನಲ್ಲಿ ಇರುತ್ತದೆ. ಆ ಮಾಹಿತಿ ನಮ್ಮ ಸದಸ್ಯರ ಪುಸ್ತಕದಲ್ಲಿ ಇದ್ದರೆ ಸಾಲದು, ನಿಮ್ಮ ಕೈಯಲ್ಲೂ ಇರಬೇಕು ಅನ್ನುವುದು ನಮ್ಮ ನಿರ್ಧಾರ.

ಪ್ರತಿ ಮರಿಗೂ ಒಂದು ಜೀನ್ ಅಪ್ಪನಿಂದ ಬರುತ್ತದೆ, ಅದರ ಜೋಡಿ ಅಮ್ಮನಿಂದ ಬರುತ್ತದೆ. ಕೆಲವು ಜೀನ್ ಒಂದೇ ಇದ್ದರೂ ಮೈಮೇಲೆ ಕಾಣುತ್ತವೆ. ಕೆಲವು ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುತ್ತವೆ, ಒಂದೇ ಇದ್ದರೆ ಅಡಗಿ ಕೂರುತ್ತವೆ. ಏಂಜಲ್ ವಿಷಯದಲ್ಲಿ ಇದನ್ನೆಲ್ಲ ಶ್ರದ್ಧೆಯಿಂದ ಬಿಡಿಸಿಟ್ಟವರು ಅಮೆರಿಕದ ಜೋಆನ್ ನಾರ್ಟನ್. 1980ರ ದಶಕದಲ್ಲಿ ಅವರು ಒಂದೊಂದು ಬಣ್ಣವನ್ನೂ ಇನ್ನೊಂದರ ಜೊತೆ ಜೋಡಿಸಿ, ಮರಿಗಳನ್ನು ಬಣ್ಣದ ಪ್ರಕಾರ ಎಣಿಸಿ, ಲೆಕ್ಕ ಬರೆದು ಪ್ರಕಟಿಸಿದರು. ಇವತ್ತು ಪ್ರಪಂಚದಲ್ಲಿ ಎಲ್ಲೇ ಆಗಲಿ, ಏಂಜಲ್ ಬ್ರೀಡರ್ ಬಳಸುವ ಲೆಕ್ಕದ ಬುಡ ಅವರದ್ದೇ. ನಮ್ಮ ಚೀಟಿಯಲ್ಲಿರುವ ಗುರುತುಗಳೂ ಅದೇ ಪದ್ಧತಿಯವು.

ಕಪ್ಪು ಏಂಜಲ್ ನೋಡಿ. ಡಾರ್ಕ್ ಅನ್ನುವ ಜೀನ್ ಒಂದೇ ಇದ್ದು, ಜೊತೆಗೆ ಮಾಮೂಲಿ ಸಿಲ್ವರ್ ಜೀನ್ ಇದ್ದರೆ ಅರೆಗಪ್ಪಿನ ಬ್ಲ್ಯಾಕ್ ಲೇಸ್ ಆಗುತ್ತದೆ. ಡಾರ್ಕ್ ಎರಡಿದ್ದರೆ ಪೂರ್ತಿ ಕಪ್ಪು. ಆದರೆ ಪೂರ್ತಿ ಕಪ್ಪಾಗಲು ಇನ್ನೊಂದು ದಾರಿಯೂ ಇದೆ. ಗೋಲ್ಡ್ ಜೀನ್ ಕೂರುವುದು ಡಾರ್ಕ್ ಕೂರುವ ಜಾಗದಲ್ಲೇ. ಒಂದು ಕಡೆ ಡಾರ್ಕ್, ಇನ್ನೊಂದು ಕಡೆ ಗೋಲ್ಡ್ ಬಂದರೂ ಮೀನು ಕಪ್ಪೇ. ಚೀಟಿಯಲ್ಲಿ ಮೊದಲನೆಯದನ್ನು ಡಿ/ಡಿ ಅಂತಲೂ ಎರಡನೆಯದನ್ನು ಡಿ/ಜಿ ಅಂತಲೂ ಬರೆದಿರುತ್ತೇವೆ. ಟ್ಯಾಂಕಿನಲ್ಲಿ ಪಕ್ಕಪಕ್ಕ ಬಿಟ್ಟರೆ ಹೊಸಬರಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಸಾಕುವವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಡಿ/ಡಿ ಮರಿಗಳು ನಿಧಾನ ಬೆಳೆಯುತ್ತವೆ, ಸೂಕ್ಷ್ಮ, ಸಾಯುವುದೂ ಜಾಸ್ತಿ. ಡಿ/ಜಿ ಮರಿಗಳು ಗಟ್ಟಿ, ಚೆನ್ನಾಗಿ ತಿಂದು ಬೆಳೆಯುತ್ತವೆ.

ಹಾಗಾಗಿ ಇನ್ನು ಮೇಲೆ ನಮ್ಮಲ್ಲಿ ಕಪ್ಪಿಗೆ ಕಪ್ಪನ್ನು ಜೋಡಿಸುವುದಿಲ್ಲ. ಡಿ/ಜಿ ಕಪ್ಪಿಗೆ ಗೋಲ್ಡ್ ಜೋಡಿಸುತ್ತೇವೆ. ಆಗ ಮರಿಗಳಲ್ಲಿ ಸುಮಾರು ಅರ್ಧ ಕಪ್ಪು, ಅರ್ಧ ಗೋಲ್ಡ್. ಡಿ/ಡಿ ಒಂದೂ ಹುಟ್ಟುವುದಿಲ್ಲ. ಒಂದು ಸಲ ಮೊಟ್ಟೆ ಇಟ್ಟರೆ ಸಿಗುವ ಕಪ್ಪು ಮರಿ ಕಮ್ಮಿಯಾಗುತ್ತದೆ, ಅದು ನಿಜ. ಕೇಳಿದ ತಕ್ಷಣ ಕಪ್ಪು ಏಂಜಲ್ ಸಿಗದೇ ಇರಬಹುದು. ಆದರೆ ಮನೆಗೆ ಒಯ್ದ ಮರಿ ಉಳಿಯಬೇಕು, ಅಲ್ವಾ? ಅದು ನಮಗೆ ಮುಖ್ಯ. ಕಪ್ಪು ಜೋಡಿಯಲ್ಲಿ ಹಳದಿ ಮರಿ ಬಂತು ಅಂದವರಿಗೆ ಉತ್ತರವೂ ಇಲ್ಲೇ ಇದೆ. ಅವರ ಎರಡೂ ಮೀನು ಡಿ/ಜಿ. ಅಂಥ ಜೋಡಿಯಲ್ಲಿ ನಾಲ್ಕರಲ್ಲಿ ಒಂದು ಪಾಲು ಗೋಲ್ಡ್ ಬಂದೇ ಬರುತ್ತದೆ, ಜೊತೆಗೆ ಒಂದು ಪಾಲು ಡಿ/ಡಿ ಕೂಡ.

ಪ್ಲಾಟಿನಮ್ ಕಥೆ ಇನ್ನೂ ಸ್ವಾರಸ್ಯ. ಅದಕ್ಕೆ ಗೋಲ್ಡ್ ಜೀನ್ ಎರಡು ಬೇಕು, ಫಿಲಿಪೀನ್ಸ್ ಬ್ಲೂ ಜೀನ್ ಕೂಡ ಎರಡು ಬೇಕು. ಎರಡೂ ಅಡಗಿ ಕೂರುವ ಜಾತಿಯವು. ಪ್ಲಾಟಿನಮ್‌ಗೆ ಶುದ್ಧ ಸಿಲ್ವರ್ ಹಾಕಿದರೆ ಮರಿಗಳೆಲ್ಲ ಸಿಲ್ವರ್. ಆ ಮರಿಗಳನ್ನೇ ಬೆಳೆಸಿ ತಮ್ಮತಮ್ಮಲ್ಲೇ ಜೋಡಿ ಮಾಡಿದರೆ 16ರಲ್ಲಿ ಒಂದು ಪ್ಲಾಟಿನಮ್. ಅದೇ ಪ್ಲಾಟಿನಮ್‌ಗೆ ಗೋಲ್ಡ್ ಹಾಕಿ ನೋಡಿ. ಮೊದಲ ಪೀಳಿಗೆ ಪೂರ್ತಿ ಗೋಲ್ಡ್. ಅವುಗಳ ಮರಿಗಳಲ್ಲಿ ನಾಲ್ಕರಲ್ಲಿ ಒಂದು ಪ್ಲಾಟಿನಮ್. ಅಂದರೆ ನಮ್ಮ ಹತ್ತಿರ ಸಾದಾ ಗೋಲ್ಡ್ ಅಂತ ತಗೊಂಡ ಮೀನಿನ ಒಳಗೆ ಬ್ಲೂ ಅಡಗಿರಬಹುದು. ಚೀಟಿಯಲ್ಲಿ ಪಿಬಿ (ಫಿಲಿಪೀನ್ಸ್ ಬ್ಲೂ) ಅಂತ ಇದ್ದರೆ ಅದನ್ನು ಮಾಮೂಲಿ ಗೋಲ್ಡ್ ಜೊತೆ ಬೆರೆಸಿ ಕಳೆದುಕೊಳ್ಳಬೇಡಿ.

ತಲೆಯ ಮೇಲೆ ಕಿತ್ತಳೆ, ಮೈಮೇಲೆ ಕಪ್ಪು ಮಚ್ಚೆ ಇರುವ ಕೊಯ್ ಏಂಜಲ್ ತಗೊಳ್ಳುವವರಿಗೆ ಒಂದು ಮಾತು. ಕೊಯ್ ಆಗಲು ಗೋಲ್ಡ್ ಮಾರ್ಬಲ್ ಜೀನ್ ಜೊತೆಗೆ ಪಟ್ಟೆ ಅಳಿಸುವ ಸ್ಟ್ರೈಪ್‌ಲೆಸ್ ಜೀನ್ ಎರಡು ಬೇಕು. ಆ ಎರಡು ಸ್ಟ್ರೈಪ್‌ಲೆಸ್ ಜೀನ್‌ಗಳಿಂದಲೇ ಮರಿಗಳ ಕಿವಿರಿನ ಮುಚ್ಚಳ ಪಾರದರ್ಶಕವಾಗಿ ಕೆನ್ನೆ ಕೆಂಪಾಗಿ ಕಾಣುತ್ತದೆ. ಗಾಯ ಆಗಿದೆ ಅಂತ ಗಾಬರಿಯಾಗಬೇಡಿ. ಕೊಯ್‌ಗೆ ಶುದ್ಧ ಸಿಲ್ವರ್ ಹಾಕಿದರೆ ಒಂದು ಕೊಯ್ ಮರಿಯೂ ಹುಟ್ಟುವುದಿಲ್ಲ. ಕೊಯ್‌ಗೆ ಕೊಯ್ ಹಾಕಿದರೂ ಕೆಲವು ಜೋಡಿಗಳಲ್ಲಿ ಕಾಲು ಭಾಗ ಮರಿಗಳಿಗೆ ಕಪ್ಪು ಮಚ್ಚೆಯೇ ಇರುವುದಿಲ್ಲ. ಇನ್ನು ತಲೆಯ ಮೇಲಿನ ಕಿತ್ತಳೆ ಬಣ್ಣಕ್ಕೆ ಜೀನ್ ಜೊತೆ ಆಹಾರವೂ ಬೇಕು. ಆ ಬಣ್ಣ ಕೊಡುವ ಕೆರೋಟಿನಾಯ್ಡ್ ಅನ್ನುವ ವಸ್ತುವನ್ನು ಮೀನು ತಾನಾಗಿ ತಯಾರಿಸಲಾರದು. ಸಿಗಡಿ, ಆರ್ಟೀಮಿಯಾದಂಥ ಆಹಾರದಿಂದ ಬರಬೇಕು. ಹಾಗಾಗಿ ಚೀಟಿಯಲ್ಲಿ ನಾವು ಜೀನ್ ಬರೆಯುತ್ತೇವೆ, ಕಿತ್ತಳೆ ಎಷ್ಟು ಗಾಢ ಆಗುತ್ತದೆ ಅಂತ ಬರೆಯುವುದಿಲ್ಲ.

ವೇಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇವೆ. ವೇಲ್ ಜೀನ್ ಒಂದಿದ್ದರೆ ರೆಕ್ಕೆ ಉದ್ದವಾಗಿ ಚೆಂದ ಕಾಣುತ್ತದೆ. ಎರಡಾದರೆ ಜೋತುಬೀಳುತ್ತದೆ, ಹರಿಯುತ್ತದೆ, ಈಜುವುದಕ್ಕೇ ಕಷ್ಟ. ವೇಲ್‌ಗೆ ವೇಲ್ ಜೋಡಿಸುವುದನ್ನೂ ನಿಲ್ಲಿಸುತ್ತಿದ್ದೇವೆ.

ಈಗ ಸಿಲ್ವರ್ ವಿಷಯ. ಅಮೆಜಾನ್ ನದಿಯ ಮೂಲ ಬಣ್ಣ ಅದು. ಅಂಗಡಿಗಳಲ್ಲಿ ಅದಕ್ಕೆ ಬೆಲೆ ಕಮ್ಮಿ. "ಇಷ್ಟೊಂದು ಸಿಲ್ವರ್ ಯಾಕೆ ಸಾಕುತ್ತೀರಿ?" ಅಂತ ತುಂಬಾ ಜನ ಕೇಳುತ್ತಾರೆ. ಒಂದು ಬಣ್ಣ ಬೇಕೆಂದು ಅಣ್ಣ-ತಂಗಿಯನ್ನೇ ಮತ್ತೆ ಮತ್ತೆ ಜೋಡಿಸುತ್ತಾ ಹೋದರೆ ಮೀನು ಚಿಕ್ಕದಾಗುತ್ತದೆ, ಮೊಟ್ಟೆ ಕಮ್ಮಿ ಇಡುತ್ತದೆ, ಬೆನ್ನು ಸೊಟ್ಟ ಆದ ಮರಿಗಳು ಬರುತ್ತವೆ. ಆಗ ಬೇರೆ ಮನೆತನದ ಗಟ್ಟಿ ಸಿಲ್ವರ್ ತಂದು ಬೆರೆಸಬೇಕು. ನಮ್ಮ ಬೇರೆ ಬೇರೆ ಸದಸ್ಯರ ಶೆಡ್‌ಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಸಿಲ್ವರ್ ಲೈನ್‌ಗಳನ್ನು ಇದಕ್ಕಾಗಿಯೇ ಉಳಿಸಿದ್ದೇವೆ. ಬ್ರೀಡಿಂಗ್ ಮಾಡುವವರು ದಯವಿಟ್ಟು ಒಂದು ಸಿಲ್ವರ್ ಜೋಡಿ ಇಟ್ಟುಕೊಳ್ಳಿ. ಇದನ್ನು ವ್ಯಾಪಾರಕ್ಕಾಗಿ ಹೇಳುತ್ತಿಲ್ಲ.

ಅಡಗಿರುವ ಜೀನ್ ನಮಗೆ ಗೊತ್ತಾಗುವುದು ಹೇಗೆ? ಜೋಡಿಸಿ ನೋಡುವುದೇ ದಾರಿ. ಒಂದು ಸಿಲ್ವರ್‌ನಲ್ಲಿ ಗೋಲ್ಡ್ ಇದೆಯಾ ಅಂತ ತಿಳಿಯಲು ಅದನ್ನು ಗೋಲ್ಡ್ ಜೊತೆ ಬಿಡುತ್ತೇವೆ. ಮರಿಗಳಲ್ಲಿ ಸುಮಾರು ಅರ್ಧ ಗೋಲ್ಡ್ ಬಂದರೆ ಇದೆ ಅಂತ. ದೊಡ್ಡ ಲಾಟ್ ಪೂರ್ತಿ ಸಿಲ್ವರ್ ಬಂದರೆ ಇಲ್ಲ ಅಂತ. ಹೇಳಲು ಸುಲಭ. ಆದರೆ ಏಂಜಲ್ ಜೋಡಿಯಾಗಲು ಎಂಟು ಹತ್ತು ತಿಂಗಳಾದರೂ ಬೇಕು. ಪ್ರತಿ ಜೋಡಿಯ ಮರಿಗಳಿಗೆ ಬೇರೆ ಟ್ಯಾಂಕ್ ಬೇಕು. ಬೆರೆತುಹೋದರೆ ಲೆಕ್ಕ ಹಾಳು. ಬೆಲೆ ಏರುವುದಕ್ಕೆ ಇದೊಂದೇ ಕಾರಣ. ಹೀಗೆ ನೋಡಿದ ಮೀನಿನ ಚೀಟಿಯಲ್ಲಿ "ಪರೀಕ್ಷೆ ಆಗಿದೆ" ಅಂತ ಇರುತ್ತದೆ. ಉಳಿದವಕ್ಕೆ "ಪರೀಕ್ಷೆ ಆಗಿಲ್ಲ" ಅಂತ ಬರೆದು ಹಳೇ ಬೆಲೆಗೇ ಕೊಡುತ್ತೇವೆ.

"ಬ್ರೀಡಿಂಗ್ ಪೇರ್" ಅಂತ ನಾವು ಕರೆಯುವುದು ಮೊಟ್ಟೆ ಇಟ್ಟು, ಆ ಮೊಟ್ಟೆ ಒಡೆದು ಮರಿ ಬಂದ ಜೋಡಿಯನ್ನು ಮಾತ್ರ. ಎರಡು ಹೆಣ್ಣು ಮೀನುಗಳೂ ಜೋಡಿಯಂತೆ ಇದ್ದು ಮೊಟ್ಟೆ ಇಡುತ್ತವೆ. ಆ ಮೊಟ್ಟೆಗಳು ಬೆಳ್ಳಗಾಗಿ ಹಾಳಾಗುತ್ತವೆ.

ಏಂಜಲ್ ಮೀನು ಸಿಕ್ಲಿಡ್ ಅನ್ನುವ ಮೀನು ಕುಟುಂಬದ್ದು. ಅದೇ ಕುಟುಂಬದ, ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಲ್ಲೂ ಒಂದು ಬದಲಾವಣೆ ಇದೆ. ಅವುಗಳಲ್ಲಿ ಪೀಕಾಕ್ ಅನ್ನುವ ಗುಂಪಿನ ಹೆಣ್ಣುಗಳು ಯಾವ ಜಾತಿಯಾದರೂ ಕಂದು-ಬೂದು ಬಣ್ಣದವೇ. ಮಿಕ್ಸ್ ಟ್ಯಾಂಕಿನಿಂದ ಹಿಡಿದ ಹೆಣ್ಣು ಯಾವ ಜಾತಿಯದೆಂದು ನೋಡಿ ಹೇಳಲು ಆಗುವುದಿಲ್ಲ. ಆದ್ದರಿಂದ ಬಿಡಿ ಹೆಣ್ಣು ಮಾರುವುದಿಲ್ಲ. ಒಂದೇ ಜಾತಿಯ ಟ್ಯಾಂಕಿನಿಂದ ಒಂದು ಗಂಡು ಮತ್ತು ಕೆಲವು ಹೆಣ್ಣುಗಳ ಗುಂಪಾಗಿಯೇ ಕೊಡುತ್ತೇವೆ. ಓಬಿ (ಆರೆಂಜ್ ಬ್ಲಾಚ್) ಪೀಕಾಕ್ ಮೇಲೆ "ಮಿಶ್ರ ತಳಿ" ಅಂತ ಸ್ಪಷ್ಟವಾಗಿ ಬರೆಯುತ್ತೇವೆ. ಕಿತ್ತಳೆ ಮೈಮೇಲೆ ಕಪ್ಪು ಮಚ್ಚೆಯ ಆ ಬಣ್ಣ ಮಲಾವಿಯ ಬಂಡೆಗಳ ನಡುವೆ ಬದುಕುವ ಎಂಬೂನಾ ಮೀನುಗಳದ್ದು. ಅಲ್ಲಿ ಅದು ಹೆಚ್ಚಾಗಿ ಹೆಣ್ಣುಗಳಲ್ಲೇ ಕಾಣುತ್ತದೆ. 2009ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಇದರ ಕಾರಣ ತೋರಿಸಿದರು. ಪ್ಯಾಕ್ಸ್7 ಅನ್ನುವ ಜೀನ್‌ನಲ್ಲಿನ ಬದಲಾವಣೆಯಿಂದ ಆ ಮಚ್ಚೆ ಬರುತ್ತದೆ. ಮೀನನ್ನು ಹೆಣ್ಣು ಮಾಡುವ ಜೀನ್ ಅದರ ಪಕ್ಕದಲ್ಲೇ ಇದೆ. ಹೆಣ್ಣಿಗೆ ಬಂಡೆಯ ನಡುವೆ ಅಡಗಲು ಮಚ್ಚೆ ಅನುಕೂಲ. ಗಂಡಿಗೆ ಬಂದರೆ ಹೆಣ್ಣನ್ನು ಸೆಳೆಯುವ ನೀಲಿ ಬಣ್ಣವೇ ಕೆಡುತ್ತದೆ. ಅಕ್ವೇರಿಯಂ ವ್ಯಾಪಾರದಲ್ಲಿ ಬೇಡಿಕೆ ಇರುವುದು ಮಾತ್ರ ಮಚ್ಚೆಯ ಗಂಡಿಗೇ! ನೋಡಲು ಬಹಳ ಚೆಂದದ ಮೀನು, ತಗೊಳ್ಳಿ. ಶುದ್ಧ ಪೀಕಾಕ್ ಜೊತೆ ಮಾತ್ರ ಬೆರೆಸಬೇಡಿ.

ಬೇಗ ಬಣ್ಣ ಬರಲಿ ಅಂತ ಮರಿಗಳಿಗೆ ಹಾರ್ಮೋನ್ ತಿನ್ನಿಸುವ ರೂಢಿ ಈ ವ್ಯಾಪಾರದಲ್ಲಿ ಇದೆ. ಹಾಗೆ ಹೆಣ್ಣಿಗೂ ಗಂಡಿನ ಬಣ್ಣ ಬರಿಸಬಹುದು. ಹಾರ್ಮೋನ್ ನಿಲ್ಲಿಸಿದ ಮೇಲೆ ಬಣ್ಣ ಇಳಿಯುತ್ತದೆ. ನಮ್ಮ ಯಾವ ಸದಸ್ಯರೂ ಇದನ್ನು ಮಾಡುವಂತಿಲ್ಲ. ಚಿಕ್ಕ ಪೀಕಾಕ್ ಮರಿ ಬೂದಾಗಿ ಕಂಡರೆ ಅದು ಸರಿಯಾದ ಮರಿ. ಬಾಯಿ ಪೂರ್ತಿ ಮುಚ್ಚಲು ಆಗದ ಪ್ಯಾರಟ್ ಸಿಕ್ಲಿಡ್ ಮತ್ತು ಬಣ್ಣ ಚುಚ್ಚಿದ ಮೀನುಗಳನ್ನು ನಾವು ತರಿಸುವುದಿಲ್ಲ.

ಕರಾವಳಿಯ ಗ್ರಾಹಕರಿಗೆ ಇನ್ನೊಂದು ವಿಷಯ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ. ಅದರಲ್ಲಿ ಕೆನರಾ ಪರ್ಲ್‌ಸ್ಪಾಟ್ ನೇತ್ರಾವತಿ, ಕುಮಾರಧಾರಾ ಕಡೆಯ ಮೀನು. ಹೊಳೆಯಿಂದ ಹಿಡಿದ ಆ ಮೀನನ್ನು ನಾವು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಹಾಗೆಯೇ ಬೇಡದ ಮರಿಗಳನ್ನು ಯಾರೂ ಕೆರೆಗೆ ಬಿಡಬೇಡಿ. ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನೂ ಆಫ್ರಿಕಾ ಮೂಲದ ಸಿಕ್ಲಿಡ್ಡೇ. 1952ರಲ್ಲಿ ಭಾರತಕ್ಕೆ ಬಂತು, ಆಮೇಲೆ ಹಿಡಿತಕ್ಕೇ ಸಿಗಲಿಲ್ಲ. ನಮ್ಮಿಂದ ಒಯ್ದ ಜೋಡಿಯ ಮರಿ ಜಾಸ್ತಿಯಾದರೆ ನಮಗೇ ವಾಪಸ್ ತಂದುಕೊಡಿ. ಚೀಟಿ ಇದ್ದರೆ ಅದಕ್ಕೆ ಬದಲಾಗಿ ಆಹಾರ ಅಥವಾ ಬೇರೆ ಮರಿ ಕೊಡುತ್ತೇವೆ.

ಬೆಲೆ ಹೀಗಿರುತ್ತದೆ: ಚೀಟಿ ಇದ್ದು ಪರೀಕ್ಷೆ ಆಗದ ಮರಿಗಳಿಗೆ ಈಗಿನ ಬೆಲೆಯೇ. ಪರೀಕ್ಷೆ ಆದ ದೊಡ್ಡ ಮೀನು ಮತ್ತು ಬ್ರೀಡಿಂಗ್ ಪೇರ್‌ಗೆ ಈಗಿನದರ ಒಂದೂವರೆ ಪಟ್ಟು. ಮಿಕ್ಸ್ ಲಾಟ್ ಬೆಲೆ ಇಳಿಯುತ್ತದೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೇ ಬೆಲೆಯಲ್ಲೇ, ಚೀಟಿ ಸಮೇತ ಮೀನು ಸಿಗುತ್ತದೆ. ಕಪ್ಪು ಏಂಜಲ್‌ಗೆ ಹೇಳಿಟ್ಟವರು ದಯವಿಟ್ಟು ಮುಂದಿನ ಲಾಟ್ ತನಕ ಕಾಯಬೇಕು, ಬೇಡ ಅನ್ನಿಸಿದರೆ ಹಣ ವಾಪಸ್ ತಗೊಳ್ಳಬಹುದು. ಮೊದಲೇ ಕೊಂಡ ಮೀನಿನ ವಿವರ ಬೇಕಿದ್ದರೆ ಬಿಲ್ ತನ್ನಿ, ಟ್ಯಾಂಕ್ ನಂಬರ್ ನೋಡಿ ಬರೆದುಕೊಡುತ್ತೇವೆ. ಬರೀ ಫೋಟೋ ನೋಡಿ ಅಡಗಿರುವ ಜೀನ್ ಹೇಳಲು ಆಗುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಸಂಘದ ಎಲ್ಲ ಸದಸ್ಯರು