ಭಾನುವಾರದ ಮಾತುಕತೆ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ನಮ್ಮ ವಿಡಿಯೋ ಕಾಲ್ ಇದೆ. ವಿಷಯ: ತಾನು ಸಲಿಂಗಿ ಅಂತ ಮನೆಯವರಿಗೆ ಹೇಳಿಕೊಳ್ಳುವುದು. ಹೇಳಿದವರು, ಹೇಳಬೇಕೆಂದಿರುವವರು, ಸದ್ಯಕ್ಕೆ ಬೇಡ ಅಂದುಕೊಂಡವರು, ಎಲ್ಲರೂ ಬನ್ನಿ.

ಹೋದ ಸಲ ಒಬ್ಬರನ್ನು ಮೂರ್ನಾಲ್ಕು ಜನ "ಇನ್ನೂ ಹೇಳಿಲ್ವಾ?" ಅಂತ ಕೇಳಿದರು. ಕಾಳಜಿಯಿಂದಲೇ ಕೇಳಿದ್ದು, ಆದರೆ ಅದೂ ಒತ್ತಡವೇ. ಊಟ, ವಸತಿ, ಓದಿನ ಖರ್ಚಿಗೆ ಮನೆಯವರನ್ನೇ ನೆಚ್ಚಿಕೊಂಡವರು ಕಾಯುವುದು ಹೇಡಿತನವಲ್ಲ. ಮೊದಲು ನಂಬಿಕಸ್ಥರೊಬ್ಬರಿಗೆ ಹೇಳಿ, ಅಗತ್ಯ ಬಿದ್ದರೆ ಆ ರಾತ್ರಿ ಉಳಿಯಲು ಜಾಗ ನೋಡಿಟ್ಟುಕೊಂಡು ಮುಂದುವರಿಯಿರಿ.

"ಡಾಕ್ಟರಿಗೆ ತೋರಿಸೋಣ" ಎನ್ನುವ ಅಪ್ಪ-ಅಮ್ಮನಿಗೆ ಹೇಳಲು ಒಂದು ಮಾತಿದೆ: ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಅವರಿಗೂ ಸಮಯ ಬೇಕು (ನಮಗೇ ಒಪ್ಪಿಕೊಳ್ಳಲು ಎಷ್ಟು ವರ್ಷ ಹಿಡಿಯಿತು!).

ಇಲ್ಲಿ ಕೇಳಿದ್ದನ್ನು ಹೊರಗೆ ಹೇಳಬೇಡಿ. ಸ್ಕ್ರೀನ್‌ಶಾಟ್ ಬೇಡವೇ ಬೇಡ. ಕ್ಯಾಮೆರಾ ಆಫ್ ಇಟ್ಟುಕೊಳ್ಳಬಹುದು, ಹೆಸರೂ ಬದಲಿಸಿಕೊಳ್ಳಬಹುದು. ಬರುವವರು ಶುಕ್ರವಾರದೊಳಗೆ ನನಗೊಬ್ಬನಿಗೇ ಮೆಸೇಜ್ ಮಾಡಿ, ಗುಂಪಿನಲ್ಲಿ ಹಾಕಬೇಡಿ.