ಬೆಂಡೆಕಾಯಿ ನೀರು ಮತ್ತು ಎರಡು ಬಾಣ

ಮಾನ್ಯ ಸಂಪಾದಕರೇ,

ನಾನು ಚಿಂತಾಮಣಿಯಲ್ಲಿ 22 ವರ್ಷದಿಂದ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಪ್ರತಿ ತಿಂಗಳು ತಪ್ಪದೆ ಸಕ್ಕರೆ ಕಾಯಿಲೆ ಮಾತ್ರೆ ಒಯ್ಯುತ್ತಿದ್ದ ಕೈವಾರ ಕಡೆಯ ಅಜ್ಜಿಯೊಬ್ಬರು ಈ ಸಲ ಬರಲೇ ಇಲ್ಲ. ಇಪ್ಪತ್ತು ದಿನದ ಮೇಲೆ ಮೊಮ್ಮಗನ ಬೈಕಿನಲ್ಲಿ ಬಂದರು. ನಾಲಿಗೆ ಒಣಗಿತ್ತು. ಹೆಬ್ಬೆರಳಿನ ಗಾಯ ಮಾಯ್ದಿರಲಿಲ್ಲ. ‘ಬೆಂಡೆಕಾಯಿ ನೆನೆಸಿದ ನೀರು ಕುಡಿದ್ರೆ ಮಾತ್ರೆ ಬೇಡ ಅಂತ ವಾಟ್ಸಾಪಲ್ಲಿ ಡಾಕ್ಟ್ರೇ ಹೇಳವ್ರಲ್ಲಪ್ಪ’ ಅಂದರು. ಸಕ್ಕರೆ ನೋಡಿದರೆ 412! ಆಗಲೇ ಆಸ್ಪತ್ರೆಗೆ ಕಳಿಸಿದೆ.

ಹುಡುಗನ ಫೋನಿನಲ್ಲಿ ಆ ಸಂದೇಶ ನೋಡಿದೆ. ಮೇಲೆ ಎರಡು ಬಾಣದ ಗುರುತಿತ್ತು. ಅಂದರೆ ಅದು ಕೈಯಿಂದ ಕೈಗೆ ಹಲವು ಸಲ ದಾಟಿ ಬಂದದ್ದು. ಮೊದಲು ಹೇಳಿದ್ದು ಯಾರು ಅಂತ ಯಾರಿಗೂ ಗೊತ್ತಿಲ್ಲ. 2020ರಿಂದ ಇಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಸಾಧ್ಯ. ಆದರೂ ನಿಂತಿಲ್ಲ.

ಚುನಾವಣೆ ಬಂದರೂ ಇದೇ ಪಾಡು. ಮತ ಹಾಕದಿದ್ದರೆ ಬ್ಯಾಂಕಿನಿಂದ 350 ರೂಪಾಯಿ ಕಟ್ ಆಗುತ್ತದೆ ಅನ್ನುವುದು ಸುಳ್ಳು ಎಂದು ಚುನಾವಣಾ ಆಯೋಗವೇ ಹೇಳಿದೆ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿ ಒಬ್ಬ ಯುವಕನನ್ನು ಹೊಡೆದೇ ಕೊಂದರಲ್ಲ, ಅದನ್ನು ಮರೆಯೋಕಾಗುತ್ತಾ?

ಕೇಂದ್ರ ಸರ್ಕಾರದ ಸುದ್ದಿ ನಿಜವೋ ಅಲ್ಲವೋ ಎಂದು ಸರ್ಕಾರದ್ದೇ ಪತ್ರಿಕಾ ಮಾಹಿತಿ ಕಚೇರಿಯ (ಪಿಐಬಿ) ಫ್ಯಾಕ್ಟ್ ಚೆಕ್ ವಿಭಾಗ ಹೇಳುತ್ತದೆ. ಆದರೆ ಅಜ್ಜಿಗೆ ಅದು ಎಟುಕುವುದಿಲ್ಲ. ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ ಆಶಾ ಕಾರ್ಯಕರ್ತೆಯರು ಹತ್ತು ನಿಮಿಷ ಈ ಬಾಣದ ಗುರುತು ತೋರಿಸಲಿ. ತಾವೂ ವಾರಕ್ಕೊಮ್ಮೆ ನಮ್ಮ ಜಿಲ್ಲೆಯ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಆ ವಾರ ಹರಿದಾಡಿದ ಒಂದು ಸುಳ್ಳನ್ನು ಬಿಡಿಸಿ ಹಾಕಿ. ನನ್ನ ಅಂಗಡಿ ಗಾಜಿಗೆ ಅಂಟಿಸುತ್ತೇನೆ.

– ಔಷಧಿ ಅಂಗಡಿಯವ, ಚಿಂತಾಮಣಿ